ಶಾಪಕ್ಕೆ ವಿಳಾಸವಿಲ್ಲ

ಶಿವನಸಮುದ್ರದ ಗಗನಚುಕ್ಕಿಯ ನೆತ್ತಿಯಲ್ಲಿ ಹಜ್ರತ್ ಮರ್ದಾನೆ ಗೈಬ್ ದರ್ಗಾ ಇದೆ. ಅದರ ಪಕ್ಕದಲ್ಲೇ ಭೋರ್ಗರೆದು ಬೀಳುವ ಕಾವೇರಿ ಇಲ್ಲಿಗೆ ಬರುವುದು ತಲಕಾಡನ್ನು ಬಳಸಿಕೊಂಡು. ತಲಕಾಡಿನ ಮರಳಿಗೂ ಮಾಲಂಗಿಯ ಮಡುವಿಗೂ ಮೈಸೂರು ದೊರೆಗಳಿಗೆ ಮಕ್ಕಳಾಗದ್ದಕ್ಕೂ, ಒಡವೆಗಾಗಿ ದೊರೆಯ ಕಡೆಯವರು ಬೆನ್ನಟ್ಟಿದಾಗ ಅಲಮೇಲಮ್ಮ ಹಾಕಿದ ಶಾಪವೇ ಕಾರಣವೆಂದು ಈ ಸೀಮೆ ನಾನೂರು ವರ್ಷಗಳಿಂದ ಹೇಳಿಕೊಂಡು ಬಂದಿದೆ. ಹೀಗೆ ಶಾಪವನ್ನು ಮರೆಯದ ನೆಲದಲ್ಲಿ ನಿಂತು, ಶಾಪ ಹಾಕಬೇಡಿ ಎನ್ನುವ ಇಸ್ಲಾಮಿನ ಬೋಧನೆಯನ್ನು ಒರೆಗೆ ಹಚ್ಚಿ ನೋಡುವುದು ಒಳ್ಳೆಯದು.

ಶಾಪ ಹುಟ್ಟುವುದು ಕೋಪದಲ್ಲಿ. ಉಪದೇಶ ಕೇಳಿ ಬಂದವನೊಬ್ಬನಿಗೆ ಪ್ರವಾದಿ ಮುಹಮ್ಮದರು ಕೋಪ ಬೇಡವೆಂದರು. ಅವನು ಮತ್ತೆ ಮತ್ತೆ ಕೇಳಿದರೂ ಉತ್ತರ ಬದಲಾಗಲಿಲ್ಲ ಎಂದು ಬುಖಾರಿಯ ಹದೀಸ್ (ಪ್ರವಾದಿವಚನ) ಸಂಗ್ರಹ ದಾಖಲಿಸುತ್ತದೆ. ಉಪ್ಪು ಹುಳಿ ತಿನ್ನುವ ಮನುಷ್ಯನಿಗೆ ಇದು ಸಾಧ್ಯವೇ? ಕೋಪವೇ ಬರಬಾರದು ಎಂದಾಗಿದ್ದರೆ ಸಾಧ್ಯವಿರಲಿಲ್ಲ. ಆದರೆ ಕುರ್‌ಆನಿನ ಆಲಿ ಇಮ್ರಾನ್ ಅಧ್ಯಾಯ (3:134) ಹೊಗಳುವುದು ಕೋಪ ಬಾರದವರನ್ನಲ್ಲ, ಅದನ್ನು ತಡೆಹಿಡಿದವರನ್ನು. ಅಲ್ಲಿ ಬಳಸಿರುವ ಅರಬ್ಬಿ ಪದದ ಮೂಲ 'ಕಝ್ಮ್'. ತುಂಬಿದ ನೀರಿನ ತೊಗಲುಚೀಲದ ಬಾಯಿ ಬಿಗಿಯುವುದಕ್ಕೂ ಅರಬ್ಬರಲ್ಲಿ ಅದೇ ಮಾತು. ಚೀಲ ತುಂಬಿದೆ ಎಂಬುದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ನಿಂತಿದ್ದರೆ ಕುಳಿತುಕೊ, ಆಗಲೂ ಇಳಿಯದಿದ್ದರೆ ಮಲಗು ಎನ್ನುವ ಹದೀಸಿನ ಸಲಹೆಯೂ ಇದೇ ಜಾತಿಯದು. ಕೈ ಎತ್ತಲು ಆಗದ ಭಂಗಿಗೆ ಮೈಯನ್ನು ತರುವುದು.

ಕೈ ತಡೆದರೂ ನಾಲಿಗೆ ಉಳಿಯುತ್ತದೆ. ಪ್ರಯಾಣದಲ್ಲಿ ರೋಸಿಹೋದ ಹೆಂಗಸೊಬ್ಬಳು ತನ್ನ ಒಂಟೆಗೆ ಶಾಪ ಹಾಕಿದಳು. ಅದರ ಮೇಲಿನ ಹೇರನ್ನು ಇಳಿಸಿ ಅದನ್ನು ಬಿಟ್ಟುಬಿಡಿ ಎಂದರಂತೆ ಪ್ರವಾದಿ. ಶಪಿಸಿದ ಮೇಲೆ ಅದರ ಬೆನ್ನಿನ ಸೇವೆ ಮಾತ್ರ ಬೇಕೆನ್ನುವುದು ಯಾವ ನ್ಯಾಯ? ಅಬೂದಾವೂದ್ ಸಂಗ್ರಹದ ಇನ್ನೊಂದು ಹದೀಸಿನಲ್ಲಿ ಶಾಪವೇ ಅಲೆಮಾರಿ. ಆಕಾಶಕ್ಕೆ ಹೋದರೆ ಬಾಗಿಲು ಮುಚ್ಚಿದೆ, ಭೂಮಿಗೆ ಇಳಿದರೂ ಮುಚ್ಚಿದೆ. ಎಡಬಲ ಅಲೆದು, ಶಪಿಸಿಕೊಂಡವನು ಅದಕ್ಕೆ ತಕ್ಕವನಲ್ಲದಿದ್ದರೆ, ಆಡಿದವರ ಮನೆಗೇ ಮರಳುತ್ತದೆ.

ಕುರ್‌ಆನೇ ಅಕ್ರಮಿಗಳ ಮೇಲೆ ದೇವಶಾಪವಿದೆ ಎನ್ನುವುದಿಲ್ಲವೇ ಎಂಬ ಆಕ್ಷೇಪ ಸಹಜ. ಎನ್ನುತ್ತದೆ (11:18); ಆದರೆ ಅದು ಕೃತ್ಯದ ಮೇಲಿನ ತೀರ್ಪು. ಪ್ರಾರ್ಥನೆಯಲ್ಲಿ ಪ್ರವಾದಿಯವರೇ ಕೆಲವರನ್ನು ಹೆಸರು ಹಿಡಿದು ಶಪಿಸಿದಾಗ, ಆ ನಿರ್ಧಾರ ನಿಮ್ಮದಲ್ಲ ಎಂಬ ವಚನ (3:128) ಇಳಿಯಿತೆಂದು ಬುಖಾರಿಯಲ್ಲಿದೆ. ಹಾಗಾದರೆ ನೊಂದವರು ಬಾಯಿ ಮುಚ್ಚಿಕೊಂಡಿರಬೇಕೇ? ಇಲ್ಲ. ಅನ್ಯಾಯಕ್ಕೊಳಗಾದವರು ಎತ್ತರದ ದನಿಯಲ್ಲಿ ಹೇಳಿಕೊಳ್ಳಲು ಕುರ್‌ಆನಿನಲ್ಲೇ ಅವಕಾಶವಿದೆ (4:148). ಅವರ ಮೊರೆಗೂ ದೇವರಿಗೂ ನಡುವೆ ತೆರೆಯಿಲ್ಲ ಎನ್ನುತ್ತದೆ ಹದೀಸ್. ಒಡವೆಗಾಗಿ ಬೆನ್ನಟ್ಟಿದವರ ಮೇಲೆ ಅಲಮೇಲಮ್ಮನ ದೂರು ಈ ಲೆಕ್ಕದಲ್ಲಿ ನ್ಯಾಯವಾದದ್ದೇ. ಆದರೆ ತಲಕಾಡಿನ ರೈತ ಏನು ಮಾಡಿದ್ದ? ದೊರೆಮನೆಯ ಹುಟ್ಟದ ಮಕ್ಕಳು ಏನು ಮಾಡಿದ್ದವು? ದೂರಿಗೆ ವಿಳಾಸವಿರುತ್ತದೆ, ಶಾಪಕ್ಕಿಲ್ಲ.

ತಡೆದ ಕೋಪ ಒಳಗೇ ಕೊಳೆಯುತ್ತದೆ ಎನ್ನುವವರು ಶಿವನಸಮುದ್ರವನ್ನೇ ನೋಡಬೇಕು. ಬೀಳುವ ನದಿಯ ಒಂದು ಪಾಲನ್ನು ಮೇಲೆಯೇ ನಾಲೆಗೆ ತಿರುಗಿಸಿ, ಕೊಳವೆಯಲ್ಲಿ ಇಳಿಸಿದರು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ಸಾಗಿ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು.