ನೀಲಿ ಸೀಮೆಎಣ್ಣೆ

ರೇಷನ್ ಅಂಗಡಿಯ ಸೀಮೆಎಣ್ಣೆಗೆ ನೀಲಿ ಬಣ್ಣ. ಕಾಳಸಂತೆಗೆ ಹೋದರೆ ಗುರುತು ಸಿಗಲೆಂದು ಬೆರೆಸಿದ್ದು. ಆದರೂ ಹೋಗುತ್ತಿತ್ತು; ಡೀಸೆಲ್‌ಗಿಂತ ಅಷ್ಟು ಅಗ್ಗವಾದದ್ದು ಡೀಸೆಲ್ ಟ್ಯಾಂಕ್ ಸೇರದೆ ಇರುತ್ತದೆಯೇ?

ಬಣ್ಣದಿಂದ ಆಗದ್ದನ್ನು ಬೆಲೆಯಿಂದ ಮಾಡಲು ಹೊರಟಿತು ಕೇಂದ್ರ ಸರ್ಕಾರ. 2016ರಿಂದ ಲೀಟರಿಗೆ 25 ಪೈಸೆಯಂತೆ ಮತ್ತೆ ಮತ್ತೆ ಏರಿಸುತ್ತ ಬಂದು, 2020ರ ಹೊತ್ತಿಗೆ ಸಬ್ಸಿಡಿಯನ್ನೇ ಮುಗಿಸಿತು. ಪೆಟ್ರೋಲಿಗೆ ಎರಡು ರೂಪಾಯಿ ಏರಿದರೆ ಕೂಗಾಡುವ ನಾವು ಈ ಪೈಸೆಗಳನ್ನು ಲೆಕ್ಕಕ್ಕೇ ಇಡಲಿಲ್ಲ.

ಸೋರಿಕೆ ನಿಲ್ಲಬೇಕಿತ್ತು, ನಿಜ. ಆದರೆ ಕರೆಂಟು ಹೋದಾಗ ನನ್ನಜ್ಜಿ ಹಚ್ಚುತ್ತಿದ್ದ ಬುಡ್ಡಿದೀಪ ಯಾವ ಲಾರಿಗೂ ಎಣ್ಣೆ ಮಾರಿರಲಿಲ್ಲ. ವಸ್ತುವಿಗೆ ಕೊಟ್ಟ ಸಬ್ಸಿಡಿಯ ತೊಡಕೇ ಇದು: ಕೊಡುವಾಗ ಕಳ್ಳನಿಗೂ ಸಿಗುತ್ತದೆ, ಕಿತ್ತುಕೊಳ್ಳುವಾಗ ಬಡವರಿಗೇ ಮೊದಲು ತಟ್ಟುತ್ತದೆ. ಕಳ್ಳ ಬೇರೆ ದಂಧೆ ಹುಡುಕಿಕೊಳ್ಳುತ್ತಾನೆ. ದೀಪಕ್ಕೆ ಬೇರೆ ಎಣ್ಣೆ ಎಲ್ಲಿದೆ?