ಮನೆಯ ಮಾತು ಮನೆಯಲ್ಲಿರಲಿ

ಮನೆಯ ಮಾತು ಹೊಸಿಲು ದಾಟಬಾರದೆಂಬುದು ನಮ್ಮ ಹಿರಿಯರು ಪಾಲಿಸಿಕೊಂಡು ಬಂದ ಮರ್ಯಾದೆ. ಅಡಿಕೆ ಮಾರಿದ ಲೆಕ್ಕ, ಮಗಳ ಸಂಬಂಧದ ಮಾತುಕತೆ, ಅಜ್ಜಿಯ ಕಾಯಿಲೆಯ ವಿವರ ಇವೆಲ್ಲ ಹಿಂದೆ ಪೆಟ್ಟಿಗೆಯಲ್ಲಿಯೋ ಮನಸ್ಸಿನಲ್ಲಿಯೋ ಇರುತ್ತಿದ್ದವು. ಇಂದು ಅವು ಅಂಗೈಯ ಫೋನಿನಲ್ಲಿವೆ. ಅರಳಸುರಳಿಯಂಥ ಮಲೆನಾಡಿನ ಊರಿನಲ್ಲಿ ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವುದೂ ಉಂಟು. ಆದ್ದರಿಂದ ಅದರೊಳಗೆ ಯಾವ ಆ್ಯಪಿಗೆ ಎಡೆಗೊಡಬೇಕೆಂಬುದು ಗೃಹಕೃತ್ಯದ ವಿಚಾರವೇ ಆಗಿದೆ.

ಖಾಸಗಿತನವು ಬರಿಯ ಸಂಕೋಚವಲ್ಲ, ಹಕ್ಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಹಕ್ಕನ್ನು ಮನೆಯೊಳಗೆ ಕಾಯಬೇಕಾದವರು ನಾವೇ.

ಮೊದಲು ಕೇಳಬೇಕಾದುದಿಷ್ಟು: ಈ ಆ್ಯಪಿನ ಕೆಲಸವೇನು, ಅದು ಬೇಡುತ್ತಿರುವುದೇನು? ಬೆಳಕು ಕೊಡುವ ಟಾರ್ಚಿಗೆ ನಾವಿರುವ ಸ್ಥಳ ಏಕೆ ಬೇಕು? ಅಂಥದೊಂದು ಟಾರ್ಚ್ ಆ್ಯಪು ಬಳಕೆದಾರರಿರುವ ಸ್ಥಳವನ್ನು ಜಾಹೀರಾತಿನವರಿಗೆ ತಿಳಿಸುತ್ತಿದೆಯೆಂದು ಅಮೆರಿಕದ ವ್ಯಾಪಾರ ಆಯೋಗವು 2013ರಲ್ಲಿ ಆರೋಪ ಹೊರಿಸಿತ್ತು. ನಾವೂ ಒಂದು ಸಂಜೆ ಮಕ್ಕಳೊಡನೆ ಕುಳಿತು, ಸೆಟ್ಟಿಂಗ್ಸ್‌ನಲ್ಲಿರುವ ಅನುಮತಿಗಳ ಪಟ್ಟಿಯನ್ನು ನೋಡಿದೆವು. ಕಾರಣವಿಲ್ಲದೆ ಮೈಕು, ಸ್ಥಳ, ಫೋನ್ ಸಂಖ್ಯೆಗಳನ್ನು ಪಡೆದಿದ್ದ ಆ್ಯಪುಗಳ ಅನುಮತಿಯನ್ನು ಹಿಂತೆಗೆದೆವು. ಹೆಚ್ಚಿನವು ಮೊದಲಿನಂತೆಯೇ ಕೆಲಸ ಮಾಡುತ್ತಿವೆ.

ಎರಡನೆಯದು ಮುಕ್ತ ತಂತ್ರಾಂಶದ ಆಯ್ಕೆ. ಅದನ್ನು ಹೇಗೆ ರಚಿಸಿದ್ದಾರೆಂಬ ಮೂಲಬರಹವು ಎಲ್ಲರಿಗೂ ತೆರೆದಿರುತ್ತದೆ, ಬಲ್ಲವರು ಪರೀಕ್ಷಿಸಬಹುದು. ಅದನ್ನು ನಾವು ಓದಲಾರೆವು, ನಿಜ. ಆದರೆ ತಕ್ಕಡಿಯನ್ನು ಎಲ್ಲರ ಕಣ್ಣೆದುರಿಗಿಟ್ಟ ಅಂಗಡಿಯಲ್ಲಿ ಮೋಸ ನಡೆಯುವುದು ಕಷ್ಟ. ಹಾಡು, ಚಲನಚಿತ್ರಗಳಿಗೆ ವಿಎಲ್‌ಸಿ ಇದೆ. ಮಾತುಕತೆಗೆ ಸಿಗ್ನಲ್ ಇದೆ. ದಾರಿ ತಿಳಿಯಲು ಆರ್ಗ್ಯಾನಿಕ್ ಮ್ಯಾಪ್ಸ್ ಇದೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ, ನೆಟ್‌ವರ್ಕ್ ಸಿಗದ ಘಟ್ಟದ ದಾರಿಯಲ್ಲಿಯೂ ನೆರವಾಗುತ್ತದೆ. ಇಂಥ ತಂತ್ರಾಂಶಗಳಿಗೆಂದೇ 2010ರಿಂದ ಎಫ್-ಡ್ರಾಯ್ಡ್ ಎಂಬ ಭಂಡಾರವೂ ಇದೆ.

ಬಂಧುಬಳಗವೆಲ್ಲ ಇರುವ ಆ್ಯಪನ್ನು ಒಮ್ಮೆಲೇ ಬಿಡುವುದು ಆಗದ ಮಾತು. ಒಂದೊಂದಾಗಿ ಬದಲಿಸಿದರೂ ಸಾಕು. ಆದರೆ ಒಂದನ್ನು ಮರೆಯಬಾರದು. ನಮ್ಮ ಫೋನಿನಲ್ಲಿ ನೆರೆಯವರ, ಬೀಗರ, ಮಕ್ಕಳ ಗುರುಗಳ ಸಂಖ್ಯೆಗಳೂ ಇವೆ. ಅವರು ಅವನ್ನು ನಂಬಿ ಕೊಟ್ಟದ್ದು ನಮಗೆ. ಕಾಣದ ಕಂಪನಿಗೆ ಅವನ್ನು ಒಪ್ಪಿಸುವ ಮುನ್ನ ಒಂದು ಗಳಿಗೆ ಯೋಚಿಸುವುದು ಆ ನಂಬಿಕೆಗೆ ನಾವು ಸಲ್ಲಿಸಬೇಕಾದ ಗೌರವ.