ಮಣಿಪಾಲದಲ್ಲಿ ಕಂಡ ಜಂಗಮ ಮಠ

ಕನಮಡಿಯಲ್ಲಿರುವ ನಮ್ಮ ಹಿರಿಯರ ಮೇಲ್ಮುದ್ದೆಯ ಮನೆಯನ್ನು ಕೆಡವಿ ಹೊಸ ಮನೆ ಕಟ್ಟಿಸುವುದೆಂದು ನಿಶ್ಚಯವಾಗಿತ್ತು. ನಕ್ಷೆಯೂ ಸಿದ್ಧವಾಗಿತ್ತು. ಅದೇ ಬಿಡುವಿನಲ್ಲಿ ವೃದ್ಧ ತಾಯಿಯವರನ್ನೂ ಮಕ್ಕಳನ್ನೂ ಕರೆದುಕೊಂಡು ನಾವು ಉಡುಪಿಗೆ ಸಮೀಪದ ಮಣಿಪಾಲಕ್ಕೆ ಹೋಗಿದ್ದೆವು. ಅಲ್ಲಿಯ ‘ಹಸ್ತಶಿಲ್ಪ’ ಹೆರಿಟೇಜ್ ವಿಲೇಜ್ ನೋಡುವುದು ನಮ್ಮ ಬಹುದಿನದ ಅಪೇಕ್ಷೆಯಾಗಿತ್ತು.

ಇದನ್ನು ರೂಪಿಸಿದವರು ವಿಜಯನಾಥ ಶೆಣೈ. ಬ್ಯಾಂಕಿನ ಉದ್ಯೋಗದಲ್ಲಿದ್ದ ಅವರು, ಹಳೆಯ ಮನೆಗಳು ನೆಲಸಮವಾಗುವುದನ್ನು ಕಂಡು ಮರುಗಿದರು. ನಶಿಸಲಿದ್ದ ಕಟ್ಟಡಗಳನ್ನು ಬಿಚ್ಚಿಸಿ ತಂದು, ಮೊದಲಿದ್ದಂತೆಯೇ ಇಲ್ಲಿ ಜೋಡಿಸಿದರು. 2017ರಲ್ಲಿ ಅವರು ನಿಧನರಾದರೂ ಕಾರ್ಯ ಉಳಿದಿದೆ. ನೆದರ್ಲೆಂಡ್ಸಿನ ಆರ್ನೆಮ್ ನಗರದಲ್ಲಿ ರೈತರ ಮನೆಗಳನ್ನೂ ಗಾಳಿಗಿರಣಿಗಳನ್ನೂ ಹೀಗೆಯೇ ಕಾಪಾಡಿ, 1918ರಲ್ಲಿಯೇ ಜನರ ದರ್ಶನಕ್ಕೆ ತೆರೆದರೆಂದು ಓದಿದ್ದೆವು. ನಮ್ಮ ನಾಡಿನಲ್ಲಿ ಅಂಥ ಕೆಲಸ ಒಬ್ಬರ ಹಂಬಲದಿಂದ ಮೊದಲಾಯಿತೆಂಬುದು ಸೋಜಿಗ.

ಕುಂಜೂರಿನ ಚೌಕಿಮನೆಯ ಇಳಿಜಾರು ಮಾಡು ಕರಾವಳಿಯ ಜಡಿಮಳೆಯ ಕಥೆ ಹೇಳುತ್ತದೆ. ಮಳೆ ಕಡಿಮೆಯಿರುವ ನಮ್ಮ ಸೀಮೆಯಲ್ಲಿ ಮಣ್ಣಿನ ಸಮತಟ್ಟು ಮಾಳಿಗೆಯೂ ದಪ್ಪ ಗೋಡೆಯೂ ಬಿಸಿಲನ್ನು ತಡೆಯುತ್ತವೆ. ಮುಧೋಳ ಅರಮನೆಯ ದರ್ಬಾರ್ ಹಾಲನ್ನು ಕಂಡಾಗ ತವರಿನವರನ್ನು ಕಂಡಂತಾಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಸೇರುವ ಮುನ್ನ ಮುಧೋಳ ನಮ್ಮ ವಿಜಾಪುರ ಜಿಲ್ಲೆಯದೇ ಆಗಿತ್ತಲ್ಲವೆ!

ಮುಂದೆ ವೀರಶೈವ ಜಂಗಮ ಮಠದ ಕಟ್ಟಡ. ತಾಯಿಯವರು ಕೈಮುಗಿದು ಬಹಳ ಹೊತ್ತು ನಿಂತರು. ಬಳಿಕ ಮೆಲ್ಲಗೆ, “ಎಲ್ಲಾ ಛಂದ ಐತಿ ತಮ್ಮಾ. ಆದ್ರ ಬಂದವರಿಗೆ ‘ಪ್ರಸಾದಕ್ಕ ಏಳ್ರಿ’ ಅನ್ನೋರು ಇಲ್ಲ” ಎಂದರು. ನಾವು ನಿರುತ್ತರರಾದೆವು. ಊರೂರು ಸಂಚರಿಸುವ ಜಂಗಮರಿಗೆ ಮಠವು ನೆಲೆಯಾಗಿತ್ತು. ದಾಸೋಹವೇ ಅದರ ಉಸಿರು. ಮರವನ್ನೂ ಕಲ್ಲನ್ನೂ ಶೆಣೈಯವರಂಥ ಪುಣ್ಯವಂತರು ಕಾಯಬಲ್ಲರು. ಆಚಾರವನ್ನು ಕಾಯಬೇಕಾದವರು ಮನೆಯವರೇ.

ಮರಳುವಾಗ ತಾಯಿಯವರು ಇನ್ನೊಂದು ಮಾತು ಕೇಳಿದರು: “ಹೊಸಾ ಮನ್ಯಾಗ ಪಡಸಾಲಿ ಎಲ್ಲೈತಿ? ಸ್ವಾಮಿಗಳು ಬಂದ್ರ ಎಲ್ಲಿ ಕುಂಡ್ರಸ್ತೀರಿ?” ನಕ್ಷೆಯಲ್ಲಿ ಮೋಟಾರು ವಾಹನಕ್ಕೆ ಸ್ಥಳವಿತ್ತು, ಪಡಸಾಲೆ ಇರಲಿಲ್ಲ.

ಗೋಡೆ ಬಿರುಕುಬಿಟ್ಟ ಹಳೆಯ ಮನೆಯನ್ನು ಉಳಿಸಿಕೊಳ್ಳುವ ಶಕ್ತಿ ನಮಗಿಲ್ಲ. ಆದರೆ ಕೆಡವುವ ಮೊದಲು ಅದರ ಅಳತೆ, ಭಾವಚಿತ್ರಗಳನ್ನು ತೆಗೆದಿಟ್ಟೆವು. ತೊಲೆ, ಜಂತಿ, ಬೆಳಕಿಂಡಿ, ಗ್ವಾದಲಿ, ಹಗೇವು ಎಂಬ ಹೆಸರುಗಳನ್ನು ಮಕ್ಕಳೇ ಅಜ್ಜಿಯಿಂದ ಕೇಳಿ ಬರೆದುಕೊಂಡರು. ತಲಬಾಗಿಲನ್ನು ಹೊಸ ಮನೆಗೆಂದು ತೆಗೆದಿರಿಸಿದ್ದೇವೆ. ನಕ್ಷೆಯನ್ನು ತಿದ್ದಿಸಿದ್ದೇವೆ, ಒಂದು ಕೋಣೆ ಕಡಿಮೆಯಾಗಿ ಪಡಸಾಲೆ ಬಂದಿದೆ.